ಇವತ್ತು ರಾತ್ರಿ ಎಲ್ಲಿ ಮಲಗ್ತೀರಿ? ನೆರೆ ಬಂದ ಊರಲ್ಲಿ ಆಸರೆಯ ಲೆಕ್ಕ ಹಾಕುವ ಬಗೆ

ನೆರೆ ಬಂದ ಊರಿಗೆ ಹೋಗುವ ಸ್ವಯಂಸೇವಕರು ಮೊದಲು ಎಣಿಸುವುದು ಬಿದ್ದ ಮನೆಗಳನ್ನು. ನಾವೂ ಮೊದಲ ಸಲ ಅದನ್ನೇ ಮಾಡಿದೆವು. ಕಪಿಲೆ (ಕಬಿನಿ) ದಡದ ಒಂದು ಊರಲ್ಲಿ ದಿನವೆಲ್ಲ ಓಡಾಡಿ, ಹನ್ನೊಂದು ಮನೆ ಬಿದ್ದಿವೆ ಅಂತ ಬರೆದುಕೊಂಡೆವು. ಹನ್ನೊಂದು ಮನೆಗೆ ಆಗುವಷ್ಟು ಚಾಪೆ, ಹೊದಿಕೆ ಹೊಂದಿಸಿಕೊಂಡು ಸಂಜೆ ಜನರಿಗೆ ಆಸರೆ ಕೊಟ್ಟಿದ್ದ ಶಾಲೆಗೆ ಹೋದರೆ ಅಲ್ಲಿದ್ದದ್ದು ನಾಲ್ಕೇ ಮನೆಯವರು. ಮಿಕ್ಕವರು ನೆಂಟರ ಮನೆ ಸೇರಿದ್ದರು. ಆದರೆ ಊರಾಚೆಯ ರಸ್ತೆ ಬದಿಯಲ್ಲಿ, ಟ್ರ್ಯಾಕ್ಟರ್ ಟ್ರೇಲರ್ ಕೆಳಗೆ, ದೇವಸ್ಥಾನದ ಜಗಲಿ ಮೇಲೆ ಅರವತ್ತಕ್ಕೂ ಜಾಸ್ತಿ ಜನ ಮಲಗಲು ಜಾಗ ಹುಡುಕುತ್ತಿದ್ದರು. ಅವರ ಮನೆ ಬಿದ್ದಿರಲಿಲ್ಲ. ಒಳಗೆ ಮೊಣಕಾಲುದ್ದ ನೀರಿತ್ತು, ಅಷ್ಟೇ. ನಮ್ಮ ಪಟ್ಟಿಯಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ.

ಅವತ್ತಿನಿಂದ ನಮ್ಮ ಹಾಳೆಯ ಮೊದಲ ಪ್ರಶ್ನೆ ಬದಲಾಯಿತು. ಎಷ್ಟು ಮನೆ ಬಿತ್ತು ಅಂತ ಕೇಳುವುದಿಲ್ಲ. ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ, ಇವತ್ತು ರಾತ್ರಿ ಎಲ್ಲಿ ಮಲಗ್ತೀರಿ ಅಂತ ಕೇಳುತ್ತೇವೆ. ಈ ಲೇಖನದಲ್ಲಿ ಹೇಳುವುದೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ.

ನಮ್ಮ ಕಡೆ ನೆರೆ ಹೇಗೆ ಬರುತ್ತದೆ

ಅಟ್ಲಾಂಟಿಕ್ ಕಡೆಯವರು ಹರಿಕೇನ್ ಅನ್ನುವುದನ್ನೇ ನಾವು ಚಂಡಮಾರುತ ಅನ್ನುತ್ತೇವೆ. ಹೆಸರು ಬೇರೆ, ಗಾಳಿ ಒಂದೇ. ಮೈಸೂರು, ಮಂಡ್ಯ ಕಡಲಿಂದ ದೂರ ಇರುವುದರಿಂದ ಅದು ಇಲ್ಲಿಗೆ ಬರುವ ಹೊತ್ತಿಗೆ ಗಾಳಿಯ ಸೊಕ್ಕು ಇಳಿದಿರುತ್ತದೆ, ಮಳೆ ಮಾತ್ರ ಉಳಿದಿರುತ್ತದೆ. 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿದ ಮೇಲೆ ಇಲ್ಲೂ ಜಡಿಮಳೆ ಹಿಡಿದು ಶಾಲೆಗಳಿಗೆ ರಜೆ ಕೊಟ್ಟದ್ದು ನೆನಪಿರಬಹುದು.

ನಮ್ಮ ದೊಡ್ಡ ನೆರೆ ಮಾತ್ರ ಜುಲೈ, ಆಗಸ್ಟ್‌ನದು. ಅದೂ ಬೇರೆ ಊರಿನ ಮಳೆಯಿಂದ. ವಯನಾಡಿನಲ್ಲಿ ಸುರಿದರೆ ಕಬಿನಿ ತುಂಬುತ್ತದೆ. ಕೊಡಗಿನಲ್ಲಿ ಸುರಿದರೆ ಕನ್ನಂಬಾಡಿ, ಅಂದರೆ ಕೆಆರ್‌ಎಸ್ ತುಂಬುತ್ತದೆ. ಕಬಿನಿಯ ಪೂರ್ತಿ ಮಟ್ಟ ಸಮುದ್ರ ಮಟ್ಟದಿಂದ 2,284 ಅಡಿ, ಕೆಆರ್‌ಎಸ್‌ನದು ಅಣೆಕಟ್ಟಿನ ತಳದಿಂದ 124.80 ಅಡಿ. ಮಟ್ಟ ಅದರ ಹತ್ತಿರ ಬಂದ ಮೇಲೆ ಒಳಗೆ ಬಂದ ನೀರನ್ನೆಲ್ಲ ಹೊರಗೆ ಬಿಡಲೇಬೇಕು. ಹಾಗಾಗಿ ನಂಜನಗೂಡಿನಲ್ಲಿ ಚೆನ್ನಾಗಿ ಬಿಸಿಲಿದ್ದ ದಿನವೇ ಹದಿನಾರು ಕಾಲು ಮಂಟಪ ಮುಳುಗಬಹುದು. ಶ್ರೀರಂಗಪಟ್ಟಣದಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತು ಅಂದರೆ ವೆಲ್ಲೆಸ್ಲಿ ಸೇತುವೆ ಕಡೆ ಪೊಲೀಸರು ಹಗ್ಗ ಕಟ್ಟಿ ನಿಂತಿರುತ್ತಾರೆ. ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುವುದು ಅದಕ್ಕೂ ಎಷ್ಟೋ ಮೊದಲೇ.

ಇದರಲ್ಲಿ ಒಂದು ಅನುಕೂಲವೂ ಇದೆ. ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಅನ್ನುವುದು ಮೊದಲೇ ಗೊತ್ತಾಗುತ್ತದೆ. ಯಾವ ಊರಿಗೆ ಹೋಗಬೇಕು ಅಂತ ತೀರ್ಮಾನಿಸಲು ಒಳಹರಿವು, ಹೊರಹರಿವಿನ ಅಂಕಿ ನೋಡುವ ಅಭ್ಯಾಸ ಇರಲಿ. ಜಿಲ್ಲಾಡಳಿತದ ಕಂಟ್ರೋಲ್ ರೂಮ್ ನಂಬರ್ 1077.

ಹೊರಡುವ ಮುಂಚೆ

ಮೊದಲ ಫೋನ್ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ಎರಡನೆಯದು ತಾಲ್ಲೂಕು ಕಚೇರಿಗೆ. ಯಾವ ಊರಿಗೆ ಹೋಗ್ತಿದ್ದೀವಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳಿ. ಅಲ್ಲಿಗೆ ಆಗಲೇ ಇನ್ನೊಂದು ತಂಡ ಹೋಗಿದ್ದರೆ ನೀವು ಬೇರೆ ಊರು ನೋಡಿಕೊಳ್ಳಿ. ಹೆದ್ದಾರಿ ಪಕ್ಕದ ಊರಿಗೆ ದಿನಕ್ಕೆ ಐದು ತಂಡ, ಒಳಗಿನ ಊರಿಗೆ ಒಂದೂ ಇಲ್ಲ ಅನ್ನುವುದು ಪ್ರತಿ ಸಲದ ಕಥೆ.

ಒಂದು ತಂಡದಲ್ಲಿ ಮೂರೇ ಜನ ಸಾಕು. ಒಬ್ಬರು ಮಾತಾಡುವವರು, ಒಬ್ಬರು ಬರೆಯುವವರು, ಒಬ್ಬರು ಗೋಡೆ, ಸೂರು, ನೀರಿನ ಗುರುತು ನೋಡುವವರು. ಮೂವರಲ್ಲಿ ಒಬ್ಬರಾದರೂ ಹೆಂಗಸರು ಇರಲೇಬೇಕು. ಹತ್ತು ಜನ ಒಟ್ಟಿಗೆ ಹೋಗಿ ಅಂಗಳದಲ್ಲಿ ನಿಂತರೆ ಯಾರೂ ಬಾಯಿ ಬಿಡುವುದಿಲ್ಲ. ಬದಲಿಗೆ ಹತ್ತು ಲೋಟ ಕಾಫಿಗೆ ಹಾಲು ಹುಡುಕಲು ಹೊರಡುತ್ತಾರೆ. ನಮ್ಮ ಕಡೆಯ ಜನ ಹಾಗೇ, ಮನೆ ಮುಳುಗಿದ್ದರೂ ಬಂದವರಿಗೆ ಕಾಫಿ ಕೊಡಬೇಕು.

ಚೀಲದಲ್ಲಿ ಇರಬೇಕಾದ್ದು ಜಾಸ್ತಿ ಏನಿಲ್ಲ. ಪೆನ್ ಬೇಡ, ಪೆನ್ಸಿಲ್ ಇರಲಿ, ಮಳೆಗೆ ಶಾಯಿ ಹರಡುತ್ತದೆ. ಹಾಳೆ ಇಡಲು ಪ್ಲಾಸ್ಟಿಕ್ ಕವರ್, ಅಳೆಯುವ ಟೇಪು, ಸೀಮೆಸುಣ್ಣ, ಟಾರ್ಚ್, ಪವರ್ ಬ್ಯಾಂಕ್, ಕುಡಿಯುವ ನೀರು. ಕೊಡೆ ಬೇಡ, ಒಂದು ಕೈ ಅದಕ್ಕೇ ಹೋಗುತ್ತದೆ, ರೇನ್‌ಕೋಟ್ ಹಾಕಿಕೊಳ್ಳಿ. ಕಾಲಿಗೆ ಗಮ್‌ಬೂಟ್. ಕಾಲಲ್ಲಿ ಗಾಯ ಇದ್ದವರು ನೀರಿಗೆ ಇಳಿಯುವುದೇ ಬೇಡ. ನೆರೆ ನೀರಲ್ಲಿ ಇಲಿಜ್ವರ ಬರುವುದು ಹೆಚ್ಚಾಗಿ ಇಂಥ ಗಾಯದಿಂದ.

ಹರಿಯುವ ನೀರು ದಾಟಬೇಡಿ. ಎಷ್ಟು ಆಳ ಇದೆ ಅಂತ ಊರವರು ಹೇಳಿದರೂ ಬೇಡ. ಬಿದ್ದ ಕರೆಂಟ್ ತಂತಿ ಕಂಡರೆ ಅಲ್ಲೇ ನಿಂತು ಲೈನ್‌ಮನ್‌ಗೆ ಫೋನ್ ಮಾಡಿ. ನಿಮ್ಮನ್ನು ಹುಡುಕಲು ಇನ್ನೊಂದು ತಂಡ ಬರುವ ಹಾಗೆ ಆಗಬಾರದು, ಅಲ್ವಾ?

ಊರೊಳಗೆ ಯಾರನ್ನು ಹಿಡಿಯಬೇಕು

ಅರಳಿಕಟ್ಟೆ ಹತ್ತಿರ ಜೀಪು ನಿಂತ ಕೂಡಲೇ ನಾಲ್ಕು ಜನ ಗಂಡಸರು ಬಂದು ಊರಿನ ಕಥೆ ಪೂರ್ತಿ ಹೇಳುತ್ತಾರೆ. ಕೇಳಿಸಿಕೊಳ್ಳಿ, ಆದರೆ ಅಲ್ಲೇ ಬರೆದು ಮುಗಿಸಬೇಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನೀರುಗಂಟಿ, ಈ ಮೂವರನ್ನು ಹುಡುಕಿ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮಗು ಹಾಲು ಕುಡಿಯುವುದು ಅನ್ನುವುದು ಆಶಾ ಅಕ್ಕನಿಗೆ ಬಾಯಲ್ಲೇ ಇರುತ್ತದೆ. ನೀರು ಎಲ್ಲಿಂದ ನುಗ್ಗಿತು, ಬೋರ್‌ವೆಲ್ ಮೋಟಾರ್ ಮುಳುಗಿತಾ ಅನ್ನುವುದು ನೀರುಗಂಟಿಗೆ ಗೊತ್ತು.

ನಾಲ್ಕನೆಯವರು ಹಾಲಿನ ಡೈರಿ ಕಾರ್ಯದರ್ಶಿ. ಇದನ್ನು ನಾವು ಕಲಿತದ್ದು ಅಕಸ್ಮಾತ್ತಾಗಿ. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ದಿನಕ್ಕೆ ಎರಡು ಹೊತ್ತು ಹೆಚ್ಚುಕಡಿಮೆ ಎಲ್ಲ ಮನೆಯವರೂ ಬಂದು ಹೋಗುವ ಜಾಗ ಅಂದರೆ ಡೈರಿ. ಬೆಳಿಗ್ಗೆಯ ಲೆಕ್ಕದಲ್ಲಿ ಯಾರ ಹೆಸರಿನ ಮುಂದೆ ಹಾಲು ಬಿದ್ದಿಲ್ಲ ಅಂತ ನೋಡಿ. ಒಂದೋ ಅವರು ಊರು ಬಿಟ್ಟಿದ್ದಾರೆ, ಇಲ್ಲ ಅವರ ಹಸು ಎಲ್ಲೋ ಸಿಕ್ಕಿಕೊಂಡಿದೆ. ಹಾಲು ಹಾಕಿದವರಲ್ಲೂ ಲೀಟರ್ ಅರ್ಧಕ್ಕೆ ಇಳಿದಿದ್ದರೆ ಮೇವು ನೆನೆದು ಹೋಗಿದೆ ಅಂತ ಅರ್ಥ. ಬೇರೆ ಯಾವ ರಿಜಿಸ್ಟರ್ ಕೂಡ ಇಷ್ಟು ತಾಜಾ ಇರುವುದಿಲ್ಲ.

ಆಮೇಲೆ ಊರಿನ ಕೊನೆಗೆ ಹೋಗಿ. ತಗ್ಗಿನ ಕೇರಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಮೇಲಿನಿಂದ ಶುರು ಮಾಡಿದರೆ ತಗ್ಗಿಗೆ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ, ಬರೆಯುವವರಿಗೂ ಸಾಕಾಗಿರುತ್ತದೆ.

ಊರಾಚೆಯವರನ್ನು ಮರೆಯಬೇಡಿ. ಮಂಡ್ಯ ಕಡೆ ಆಲೆಮನೆಗಳಲ್ಲಿ ಉತ್ತರಪ್ರದೇಶ, ಬಿಹಾರದ ಹುಡುಗರು ಕೆಲಸ ಮಾಡುತ್ತಾರೆ. ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬಂದವರು ಗದ್ದೆ ಬದಿಯಲ್ಲಿ ಟಾರ್ಪಾಲ್ ಗುಡಿಸಲು ಹಾಕಿಕೊಂಡಿರುತ್ತಾರೆ. ಇಟ್ಟಿಗೆ ಗೂಡಿನವರದೂ ಅದೇ ಪಾಡು. ಇವರಿಗೆ ಇಲ್ಲಿನ ರೇಷನ್ ಕಾರ್ಡ್ ಇಲ್ಲ, ವೋಟು ಇಲ್ಲ, ಹಾಗಾಗಿ ಯಾರ ಪಟ್ಟಿಯಲ್ಲೂ ಹೆಸರಿಲ್ಲ. "ಅವ್ರು ನಮ್ಮೂರವ್ರಲ್ಲ ಸಾರ್" ಅಂತ ಊರವರು ಹೇಳಿದರೆ ಆ ಕಡೆ ಖಂಡಿತ ಹೋಗಬೇಕು ಅಂತ ತಿಳಿಯಿರಿ.

ಏನು ಕೇಳಬೇಕು, ಏನು ಕೇಳಬಾರದು

"ನಿಮಗೆ ಏನೇನು ಬೇಕು?" ಅಂತ ಕೇಳಬೇಡಿ. ಹಾಗೆ ಕೇಳಿದರೆ ನೀವು ಕೊಡುತ್ತೀರಿ ಅಂತ ಅವರು ಅಂದುಕೊಳ್ಳುತ್ತಾರೆ. ಮನೆ ಕಟ್ಟಿಸಿಕೊಡಿ ಅನ್ನುತ್ತಾರೆ. ತಪ್ಪು ಅವರದಲ್ಲ. ನೀವು ಬಂದದ್ದು ಆಸರೆಯ ಲೆಕ್ಕಕ್ಕೆ ಮಾತ್ರ, ಪರಿಹಾರದ ಸರ್ವೆ ಕಂದಾಯ ಇಲಾಖೆಯವರದು ಅಂತ ಮೊದಲೇ ಬಿಡಿಸಿ ಹೇಳಿ. ಬಿದ್ದ ಮನೆಯನ್ನು ಎ, ಬಿ, ಸಿ ಅಂತ ವರ್ಗ ಮಾಡುವುದು, ಮಹಜರು ಬರೆಯುವುದು ಅವರ ಕೆಲಸ. ಇಷ್ಟು ದುಡ್ಡು ಬರುತ್ತೆ ಅಂತ ಬಾಯಿ ತಪ್ಪಿಯೂ ಹೇಳಬೇಡಿ. ಎರಡು ತಿಂಗಳು ಬಿಟ್ಟು ಆ ಮಾತನ್ನು ನೆನಪಿಟ್ಟುಕೊಂಡು ಕೇಳುತ್ತಾರೆ.

ಕೇಳಬೇಕಾದ್ದು ಇಷ್ಟು: ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ? ಎಷ್ಟು ಜನ? ಇವತ್ತು ಅಲ್ಲೇ ಮಲಗಬಹುದಾ? ಇಲ್ಲ ಅಂದರೆ ಏನು ಅಡ್ಡಿ? ಮಾತ್ರೆ ತಗೊಳ್ಳುವವರು ಯಾರಾದರೂ ಇದ್ದಾರಾ, ಮಾತ್ರೆ ಉಳಿದಿದೆಯಾ? ಬಿಪಿ, ಶುಗರ್ ಮಾತ್ರೆ ಡಬ್ಬಿ ನೀರು ಪಾಲಾಗಿ ಮೂರು ದಿನ ಆಗಿದ್ದರೂ ಯಾರಿಗೂ ಹೇಳದೆ ಕೂತಿರುತ್ತಾರೆ.

"ಏನು ಅಡ್ಡಿ" ಅನ್ನುವ ಪ್ರಶ್ನೆಗೆ ಬರುವ ಉತ್ತರದಲ್ಲೇ ಎಲ್ಲ ಇರುತ್ತದೆ. ಒಂದು ಊರಲ್ಲಿ ಒಬ್ಬ ಅಜ್ಜಿ ನೀರು ನಿಂತ ಮನೆಯ ಜಗಲಿ ಮೇಲೆ ಕಾಲು ಮೇಲೆತ್ತಿಕೊಂಡು ಕೂತಿದ್ದರು. ಎದುರಿಗೆ ಬೇವಿನ ಮರಕ್ಕೆ ಕಟ್ಟಿದ ಒಂದು ಹಸು, ಕರು. ನಮ್ಮ ಹುಡುಗಿ ಪಕ್ಕ ಕೂತು, "ಅಜ್ಜಿ, ಶಾಲೇಲಿ ಜಾಗ ಮಾಡವ್ರೆ, ಊಟ ಕೊಡ್ತಾವ್ರೆ, ಬರಬಾರ್ದಾ?" ಅಂದಳು.

"ನಾನ್ ಬತ್ತೀನಿ ಕನವ್ವ. ಇವ್ಳ್ನ ಎಲ್ ಕಟ್ಲಿ? ಅಲ್ಲಿ ಹಸ ಬುಡಕಿಲ್ವಂತಲ್ಲ."

ಅಷ್ಟೇ ಅಡ್ಡಿ. ಊರಲ್ಲಿ ಇನ್ನೂ ಹದಿನಾಲ್ಕು ಮನೆಯವರು ಶಾಲೆಗೆ ಬರದೆ ಇದ್ದದ್ದಕ್ಕೆ ಕಾರಣ ಹುಡುಕಿದರೆ ಅದೇ ಬಂತು. ಶಾಲೆಯ ಹಿಂದಿನ ಎತ್ತರದ ಜಾಗದಲ್ಲಿ ಗಳ ನೆಟ್ಟು ಮೇಲೊಂದು ಟಾರ್ಪಾಲ್ ಎಳೆದು, ಹುಲ್ಲು ತರಿಸಿದ ಮೇಲೆ ಆ ಅಜ್ಜಿ ಸಂಜೆಯೊಳಗೆ ಹಸು ಹಿಡಿದುಕೊಂಡು ತಾವೇ ಬಂದರು. ಉಳಿದವರೂ ಹಿಂದೆಯೇ ಬಂದರು. ಅದಕ್ಕೇ ನಮ್ಮ ಹಾಳೆಯಲ್ಲಿ ಜನರ ಪಕ್ಕದ ಕಾಲಂ ದನಗಳದು. ಎಷ್ಟು ಹಸು, ಎಮ್ಮೆ, ಕುರಿ, ಮೇಕೆ ಅಂತ ಬರೆದುಕೊಳ್ಳಿ. ಒಂದು ದೊಡ್ಡ ದನಕ್ಕೆ ದಿನಕ್ಕೆ ಕಡಿಮೆ ಅಂದರೂ ಐದಾರು ಕೆಜಿ ಒಣಹುಲ್ಲು ಬೇಕು. ದನಕ್ಕೆ ಜಾಗ ಇಲ್ಲದ ಕೇಂದ್ರಕ್ಕೆ ನಮ್ಮ ಕಡೆಯ ರೈತರು ಬರುವುದಿಲ್ಲ. ಮೈಕಲ್ಲಿ ಎಷ್ಟು ಸಲ ಕೂಗಿದರೂ ಬರುವುದಿಲ್ಲ.

ಹೆಂಗಸರನ್ನು ಬೇರೆಯಾಗಿ ಮಾತಾಡಿಸಿ. ಗಂಡಸರ ಮುಂದೆ ಶೌಚಾಲಯದ ವಿಷಯ, ಮುಟ್ಟಿನ ಬಟ್ಟೆಯ ವಿಷಯ ಯಾರೂ ಎತ್ತುವುದಿಲ್ಲ.

ಮನೆ ನೋಡುವುದು

ಸರ್ಕಾರದ ವರ್ಗ ನಮಗೆ ಬೇಡ ಅಂದೆ. ನಮ್ಮ ಹಾಳೆಗೆ ನಾಲ್ಕು ಗುರುತು ಸಾಕು. ಮಲಗಬಹುದು. ಟಾರ್ಪಾಲ್ ಕೊಟ್ಟರೆ ಮಲಗಬಹುದು. ಹಗಲು ಹೋಗಿ ಸಾಮಾನು ತರಬಹುದು, ಮಲಗುವ ಹಾಗಿಲ್ಲ. ಒಳಗೆ ಕಾಲಿಡುವ ಹಾಗಿಲ್ಲ.

ಹೊರಗಿನಿಂದ ಒಂದು ಸುತ್ತು ಹಾಕದೆ ಒಳಗೆ ಹೋಗಬೇಡಿ. ಮಣ್ಣಿನ ಗೋಡೆಯಾದರೆ ಬುಡ ನೋಡಿ. ಬುಡದ ಮಣ್ಣು ಉಬ್ಬಿ ಹೊರಗೆ ಬಂದಿದ್ದರೆ, ಮೂಲೆಯಲ್ಲಿ ಎರಡು ಗೋಡೆ ಸೇರುವ ಕಡೆ ಮೇಲಿಂದ ಕೆಳಗೆ ಬಿರುಕು ಬಿಟ್ಟಿದ್ದರೆ, ಬಾಗಿಲು ಮೊನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದದ್ದು ಈಗ ಕಚ್ಚುತ್ತಿದ್ದರೆ, ಆ ಮನೆಯಲ್ಲಿ ಯಾರೂ ಮಲಗಬಾರದು. ಹೆಂಚಿನ ಮನೆಯಾದರೆ ತೊಲೆ, ಜಂತೆ ಗೋಡೆಯ ಮೇಲೆ ಕೂತಿರುವ ಜಾಗ ನೋಡಿ. ಹೆಂಚು ನಾಲ್ಕು ಹಾರಿದ್ದರೆ ದೊಡ್ಡ ವಿಷಯ ಅಲ್ಲ, ತೊಲೆಯ ತುದಿ ಜಾರಿದ್ದರೆ ದೊಡ್ಡ ವಿಷಯ.

ಟಾರ್ಪಾಲ್ ಬೇಕು ಅಂತ ಬರೆದರೆ ಅಳತೆ ಬರೆಯಿರಿ. ಅಳತೆ ಇಲ್ಲದ ಪಟ್ಟಿ ಸುಮ್ನೆ ದಂಡ. ತೂತಾದ ಜಾಗದ ಅಳತೆಗೆ ಎಲ್ಲ ಕಡೆ ಎರಡೆರಡು ಅಡಿ ಸೇರಿಸಿ. ಪರಿಹಾರ ಸಂಸ್ಥೆಗಳು ಹಂಚುವ ಟಾರ್ಪಾಲ್ ಸಾಮಾನ್ಯವಾಗಿ 4 ಮೀಟರ್‌ಗೆ 6 ಮೀಟರ್, ಅಂದರೆ ಸುಮಾರು 13 ಅಡಿಗೆ 20 ಅಡಿ. ಜೊತೆಗೆ ಹಗ್ಗ ಎಷ್ಟು, ಗಳ ಇದೆಯಾ ಅನ್ನುವುದನ್ನೂ ಬರೆಯಿರಿ. ಹಗ್ಗ ಇಲ್ಲದೆ ಕೊಟ್ಟ ಟಾರ್ಪಾಲ್ ರಾಗಿ ಒಣಗಿಸಲು ಹೋಗುತ್ತದೆ.

ಸೀಮೆಸುಣ್ಣ ಯಾಕೆ ಅಂತ ಕೇಳಿರಬಹುದು. ಗೋಡೆಯಲ್ಲಿ ತೇವ ಎಲ್ಲಿವರೆಗೆ ಏರಿದೆಯೋ ಅಲ್ಲಿ ಒಂದು ಗೆರೆ ಎಳೆದು, ಪಕ್ಕ ತಾರೀಖು ಬರೆಯಿರಿ. ಇದರ ಉಪಯೋಗ ಆಮೇಲೆ ಹೇಳುತ್ತೇನೆ.

ಕಾಳಜಿ ಕೇಂದ್ರದ ಲೆಕ್ಕ

ಮುಂಚೆ ಗಂಜಿ ಕೇಂದ್ರ ಅನ್ನುತ್ತಿದ್ದರು, ಈಗ ಸರ್ಕಾರಿ ಭಾಷೆಯಲ್ಲಿ ಕಾಳಜಿ ಕೇಂದ್ರ. ಶಾಲೆ, ಸಮುದಾಯ ಭವನ, ಕಲ್ಯಾಣ ಮಂಟಪ, ಎಲ್ಲಾದರೂ ಆಗಬಹುದು. ಮೊದಲು ಕೇಳಬೇಕಾದ್ದು ಬೀಗದ ಕೈ ಯಾರ ಹತ್ತಿರ ಇದೆ ಅಂತ. ನಗಬೇಡಿ. ಮೇಷ್ಟ್ರು ಮೈಸೂರಲ್ಲಿ, ಕೀ ಅವರ ಜೇಬಲ್ಲಿ, ಜನ ಗೇಟಿನ ಮುಂದೆ ಮಳೆಯಲ್ಲಿ ನಿಂತಿದ್ದನ್ನು ಕಣ್ಣಾರೆ ನೋಡಿದ್ದೇವೆ.

ಒಂದು ಸೂರು ಇದ್ದ ಮಾತ್ರಕ್ಕೆ ಅದು ಆಸರೆ ಆಗುವುದಿಲ್ಲ. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಕತ್ರಿನಾ ಹರಿಕೇನ್ ಹೊಡೆದಾಗ ಸಾವಿರಾರು ಜನರನ್ನು ಸೂಪರ್‌ಡೋಮ್ ಅನ್ನುವ ಮುಚ್ಚಿದ ಕ್ರೀಡಾಂಗಣದಲ್ಲಿ ಇಟ್ಟರು. ಗಾಳಿಗೆ ಸೂರಿನ ಹೊದಿಕೆ ಕಿತ್ತು ಬಂತು, ಕರೆಂಟ್ ಹೋಯಿತು, ಶೌಚಾಲಯಗಳು ಕೆಟ್ಟವು. ಅಷ್ಟು ದೊಡ್ಡ ದೇಶದಲ್ಲಿ ಹಾಗಾದರೆ ನಮ್ಮ ಎರಡು ಕೋಣೆಯ ಶಾಲೆಯನ್ನು ಅಳೆದು ನೋಡದೆ ಜನರನ್ನು ತುಂಬಬಹುದಾ?

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ಒಬ್ಬರಿಗೆ 3.5 ಚದರ ಮೀಟರ್ ಜಾಗ ಬೇಕು. ಸ್ಫಿಯರ್ ಅನ್ನುವ ಅಂತರರಾಷ್ಟ್ರೀಯ ಕೈಪಿಡಿಯೂ ಇದನ್ನೇ ಹೇಳುತ್ತದೆ. ಅಡಿ ಲೆಕ್ಕದಲ್ಲಿ ಸುಮಾರು 38 ಚದರ ಅಡಿ, ಒಂದು ಚಾಪೆ, ಒಂದು ಗಂಟು, ನಡೆದಾಡಲು ಒಂದಿಷ್ಟು ಜಾಗ. ಈಗ ಟೇಪು ಹಿಡಿದು 20 ಅಡಿಗೆ 20 ಅಡಿಯ ಒಂದು ತರಗತಿ ಕೋಣೆ ಅಳೆಯಿರಿ. 400 ಚದರ ಅಡಿ. ಭಾಗಿಸಿದರೆ ಹತ್ತು ಜನ. ಹೌದು, ಹತ್ತೇ. ನಲವತ್ತು ಮಕ್ಕಳು ಕೂರುವ ಕೋಣೆ, ನಲವತ್ತು ಜನ ಹಿಡಿಸ್ತಾರೆ ಅಂತ ಅಂದುಕೊಂಡು ಎಲ್ಲರೂ ಎಡವುವುದೇ ಇಲ್ಲಿ. ಕೂರುವುದು ಬೇರೆ, ಮಲಗುವುದು ಬೇರೆ. ಬೆಂಚುಗಳನ್ನು ಒಂದು ಕೋಣೆಗೆ ತುಂಬಿದರೆ ಆ ಕೋಣೆಯೂ ಲೆಕ್ಕದಿಂದ ಹೋಯಿತು. ವರಾಂಡ ಇದ್ದರೆ ಸೇರಿಸಬಹುದು, ಆದರೆ ಎರಚಲು ಎಷ್ಟು ಅಡಿ ಒಳಗೆ ಬರುತ್ತದೆ ಅಂತ ನೋಡಿ ಅಷ್ಟನ್ನು ಕಳೆಯಿರಿ. ಮೊದಲ ರಾತ್ರಿ ಒತ್ತೊತ್ತಾಗಿ ಮಲಗಿಸಬೇಕಾಗಿ ಬಂದರೆ ಮಲಗಿಸಿ, ಬೇರೆ ದಾರಿ ಇಲ್ಲ. ಆದರೆ ಹಾಳೆಯಲ್ಲಿ ನಿಜವಾದ ಸಂಖ್ಯೆಯನ್ನೇ ಬರೆಯಿರಿ. ಆಗ ಮಾರನೇ ದಿನ ಎರಡನೇ ಕೇಂದ್ರ ತೆರೆಯಲು ಕೇಳುವುದಕ್ಕೆ ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ.

ಶೌಚಾಲಯ ಅದೇ ಮಾನದಂಡದಲ್ಲಿ 30 ಜನಕ್ಕೆ ಒಂದು. ಬಳಕೆಗೆ ತಲಾ ದಿನಕ್ಕೆ 15 ಲೀಟರ್ ನೀರು, ಕುಡಿಯಲು 3 ಲೀಟರ್ ಅಂತ ಇಟ್ಟುಕೊಳ್ಳಿ. ಬರೀ ಬಾಗಿಲು ಎಣಿಸಬೇಡಿ. ಒಳಗೆ ಹೋಗಿ ನೋಡಿ. ಚಿಲಕ ಇದೆಯಾ, ನೀರು ಬರುತ್ತಾ, ಬಲ್ಬ್ ಇದೆಯಾ, ರಾತ್ರಿ ಕೋಣೆಯಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಬೆಳಕಿದೆಯಾ? ಪ್ರೈಮರಿ ಶಾಲೆಯ ಶೌಚಾಲಯ ಆರು ವರ್ಷದ ಮಕ್ಕಳ ಅಳತೆಯದು. ಮಂಡಿನೋವಿನ ಅಜ್ಜಿಗೆ ಒಂದು ಪ್ಲಾಸ್ಟಿಕ್ ಕಮೋಡ್ ಕುರ್ಚಿ ಬೇಕಾಗುತ್ತದೆ, ಅದನ್ನೂ ಪಟ್ಟಿಗೆ ಹಾಕಿ.

ಊಟದ ಬಗ್ಗೆ ಒಂದೇ ಮಾತು. ಮೂರು ಹೊತ್ತೂ ಚಿತ್ರಾನ್ನ, ಪುಳಿಯೋಗರೆ ಕಳಿಸುವ ದಾನಿಗಳಿಗೆ ದೊಡ್ಡ ನಮಸ್ಕಾರ, ಆದರೆ ಎರಡನೇ ದಿನಕ್ಕೇ ಜನ ಮುದ್ದೆ ಕೇಳುತ್ತಾರೆ. ಅಲ್ಲೇ ಒಲೆ ಹಚ್ಚಲು ಜಾಗ ಇದೆಯಾ, ಪಾತ್ರೆ ಯಾರದು ಅಂತ ಬರೆದುಕೊಳ್ಳಿ. ಹಳೇ ಬಟ್ಟೆ ಬೇಡ ಅಂತಲೂ ಬರೆಯಿರಿ. ಒಳಉಡುಪು, ಪ್ಯಾಡ್, ಟವೆಲ್, ಮಕ್ಕಳ ಚಡ್ಡಿ, ಇವು ಹೊಸದಾಗಿ ಬೇಕು.

ಸಂಜೆಯೊಳಗೆ ಒಂದು ಹಾಳೆ

ಎಲ್ಲ ಬರೆದುಕೊಂಡು ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಚಂದ ಮಾಡಿ ನಾಳೆ ಕಳಿಸೋಣ ಅನ್ನಬೇಡಿ. ಅಷ್ಟರಲ್ಲಿ ಒಂದು ರಾತ್ರಿ ಕಳೆದುಹೋಗಿರುತ್ತದೆ. ಊರಲ್ಲೇ ಕೂತು ಒಂದೇ ಪುಟ ಬರೆಯಿರಿ. ಮೇಲೆ ಊರು, ತಾರೀಖು, ಗಂಟೆ. ಗಂಟೆ ಮುಖ್ಯ, ಯಾಕೆಂದರೆ ಹೊರಹರಿವು ಬದಲಾದರೆ ನಿಮ್ಮ ಲೆಕ್ಕವೂ ಬದಲಾಗುತ್ತದೆ. ಕೆಳಗೆ ಇವತ್ತು ರಾತ್ರಿ ಮಲಗಲು ಜಾಗ ಇಲ್ಲದವರು ಎಷ್ಟು, ಅದರಲ್ಲಿ ಮಕ್ಕಳು, ವಯಸ್ಸಾದವರು, ಬಸುರಿಯರು ಎಷ್ಟು, ದನ ಎಷ್ಟು, ಟಾರ್ಪಾಲ್ ಎಷ್ಟು, ಯಾವ ಅಳತೆ.

ಎರಡು ಕಾಲಂ ಬೇರೆ ಬೇರೆ ಇರಲಿ: ನಾವು ಕಂಡದ್ದು, ನಾವು ಕೇಳಿದ್ದು. ಆ ದಡದ ತೋಟದ ಮನೆಯಲ್ಲಿ ಎಂಟು ಜನ ಇದ್ದಾರಂತೆ ಅನ್ನುವುದು ಕೇಳಿದ್ದು. ಅದನ್ನು ಕಂಡದ್ದರ ಜೊತೆ ಕೂಡಿಸಿದರೆ ಒಟ್ಟು ಮೊತ್ತದ ಮೇಲೆ ಯಾರಿಗೂ ನಂಬಿಕೆ ಬರುವುದಿಲ್ಲ. ನೆಂಟರ ಮನೆಯಲ್ಲಿ ಇರುವವರನ್ನೂ ಬೇರೆಯಾಗಿ ಬರೆಯಿರಿ. ನಾಲ್ಕು ಜನರ ಮನೆಗೆ ಹನ್ನೆರಡು ಜನ ಬಂದರೆ ಮೂರನೇ ದಿನ ಆ ಮನೆಯ ರೇಷನ್ ಕೂಡ ಖಾಲಿ.

ಪಟ್ಟಿಯ ಫೋಟೋ ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ತಾಲ್ಲೂಕು ಕಚೇರಿ, ಇಷ್ಟು ಜನರಿಗೆ ಮಾತ್ರ. ಹೆಸರು, ಫೋನ್ ನಂಬರ್ ಇರುವ ಹಾಳೆ ವಾಟ್ಸಾಪ್ ಗ್ರೂಪಿಗೆ ಹೋಗಬಾರದು. ಆಧಾರ್ ನಂಬರ್ ನಿಮಗೆ ಬೇಕಾಗಿಯೇ ಇಲ್ಲ, ಕೇಳಬೇಡಿ. ನೆನೆದ ಸೀರೆಯಲ್ಲಿ ನಿಂತ ಹೆಂಗಸಿನ ಫೋಟೋ ತೆಗೆದು ಸ್ಟೇಟಸ್ ಹಾಕುವವರನ್ನು ತಂಡದಿಂದ ಆವತ್ತೇ ಬಿಡಿಸಿ.

ಬಿಸಿಲು ಬಂದ ಮೇಲೆ ಮತ್ತೆ ಹೋಗಿ

ನೀರು ಇಳಿದು ಬಿಸಿಲು ಬಂತು ಅಂದರೆ ಎಲ್ಲರಿಗೂ ನಿರಾಳ. ಜನ ಚಾಪೆ ಸುತ್ತಿಕೊಂಡು ಮನೆಗೆ ಹೊರಡುತ್ತಾರೆ, ಸ್ವಯಂಸೇವಕರೂ ಕೆಲಸಕ್ಕೆ ವಾಪಸ್. ಮಣ್ಣಿನ ಗೋಡೆ ಬೀಳುವುದು ಬಹಳ ಸಲ ಆಗಲೇ. ನೀರು ನಿಂತಿದ್ದಾಗ ಎರಡೂ ಕಡೆಯಿಂದ ಒತ್ತಿ ಹಿಡಿದಿರುತ್ತದೆ. ನೀರು ಹೋದ ಮೇಲೆ ನೆನೆದ ಬುಡದ ಮೇಲೆ ಪೂರ್ತಿ ಭಾರ ಬೀಳುತ್ತದೆ. ಹೊರಗಿನ ಮಣ್ಣು ಬಿಸಿಲಿಗೆ ಒಣಗಿ ಬಿರಿಯುತ್ತದೆ, ಒಳಗೆ ಇನ್ನೂ ಹಸಿ.

ಹಾಗಾಗಿ ಬಿಸಿಲು ಬಂದ ಎರಡನೇ, ಮೂರನೇ ದಿನ ಅದೇ ಹಾಳೆ ಹಿಡಿದು ಅದೇ ಮನೆಗಳಿಗೆ ಹೋಗಿ. ನೀವು ಎಳೆದ ಸೀಮೆಸುಣ್ಣದ ಗೆರೆ ಹುಡುಕಿ. ತೇವ ಗೆರೆಯಿಂದ ಕೆಳಗೆ ಇಳಿದಿದ್ದರೆ ಗೋಡೆ ಒಣಗುತ್ತಿದೆ. ಗೆರೆ ದಾಟಿ ಮೇಲೆ ಹೋಗಿದ್ದರೆ, ಗೆರೆಯೇ ಎರಡು ತುಂಡಾಗಿ ಒಂದು ತುಂಡು ಪಕ್ಕಕ್ಕೆ ಸರಿದಿದ್ದರೆ, ಆ ಮನೆಯವರನ್ನು ಅವತ್ತೇ ಹೊರಗೆ ಮಲಗಿಸಿ.

ನಾವು ಒಂದು ಸಲ ಹೀಗೆ ಹೋದಾಗ ಗೆರೆ ಸಿಗಲಿಲ್ಲ. ಗೋಡೆಯೇ ಇರಲಿಲ್ಲ. ಹಿಂದಿನ ಮಧ್ಯಾಹ್ನ, ಸುಡು ಬಿಸಿಲಲ್ಲಿ, ಒಳಮುಖವಾಗಿ ಕುಸಿದಿತ್ತು. ಮನೆಯಾತ ಗದ್ದೆಗೆ ಹೋಗಿದ್ದ, ಆಕೆ ಡೈರಿ ಹತ್ತಿರ ಇದ್ದಳು, ಮಕ್ಕಳು ಶಾಲೆಗೆ ಹೋಗಿದ್ದವು, ಯಾರಿಗೂ ಏನೂ ಆಗಲಿಲ್ಲ. ನಮ್ಮ ಹಾಳೆಯಲ್ಲಿ ಆ ಮನೆಯ ಮುಂದೆ ನಮ್ಮದೇ ಕೈಬರಹದಲ್ಲಿ "ಮಲಗಬಹುದು" ಅಂತಿತ್ತು. ಆ ಸಾಲಿಗೆ ಈಗ ನಾವು ತಾರೀಖು ಸೇರಿಸಿ ಬರೆಯುತ್ತೇವೆ: ಇವತ್ತಿನ ಮಟ್ಟಿಗೆ ಮಲಗಬಹುದು, ಇಂಥ ದಿನ ಮತ್ತೆ ನೋಡಬೇಕು.